ಯೂನಿಫಾರ್ಮ್ ಬಿಚ್ಚುವ ಮೊದಲು ಲಾಗ್‌ಬುಕ್ ಬಿಚ್ಚಿ

ಆರ್ಮಿಯಲ್ಲಿ ಹೆಲಿಕಾಪ್ಟರ್ ಹಾರಿಸುವವನ ಹತ್ತಿರ ಲೈಸೆನ್ಸ್ ಇರುವುದಿಲ್ಲ. ಎದೆ ಮೇಲೆ ವಿಂಗ್ಸ್ ಇರುತ್ತದೆ, ಕೈಯಲ್ಲಿ ಲಾಗ್‌ಬುಕ್ ಇರುತ್ತದೆ, ಅಷ್ಟೇ. ರಜೆಗೆ ಹಾಸನಕ್ಕೆ ಬಂದಾಗ ಇದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. "ಸಿಯಾಚಿನ್‌ನಲ್ಲಿ ಹಾರಿಸೋನಿಗೆ ಇನ್ಯಾವ ಲೈಸೆನ್ಸ್ ಬೇಕಪ್ಪಾ?" ಅಂತ ಚಿಕ್ಕಪ್ಪ ಕೇಳುತ್ತಿದ್ದರು. ಬೇಕು. ಸರ್ವಿಸ್ ಬಿಟ್ಟು ಕಂಪನಿಯ ಹೆಲಿಕಾಪ್ಟರ್ ಹಾರಿಸಬೇಕು ಅಂದರೆ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೊಡುವ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಅಥವಾ ಅದಕ್ಕಿಂತ ಮೇಲಿನ ಎಟಿಪಿಎಲ್ ಇರಲೇಬೇಕು. ಅದೂ ಹೆಲಿಕಾಪ್ಟರಿನದ್ದೇ. ವಿಮಾನದ ಲೈಸೆನ್ಸ್ ಬೇರೆ, ಇದು ಬೇರೆ.

ಸಕಲೇಶಪುರ, ಅರಕಲಗೂಡು, ಮೂಡಿಗೆರೆ ಕಡೆಯ ಕೆಲವು ಹುಡುಗರು ಈಗಲೂ ಸರ್ವಿಸ್‌ನಲ್ಲಿದ್ದಾರೆ. ಫೋನ್ ಮಾಡಿ "ಸರ್, ಎಲ್ಲಿಂದ ಶುರು ಮಾಡೋದು?" ಅಂತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಾರಿಸುವುದು ನಿಮಗೆ ಬರುತ್ತದೆ, ಅದರ ಚಿಂತೆ ಬೇಡ. ಕಾಗದದ ಕೆಲಸವನ್ನು ಮಾತ್ರ ಸರ್ವಿಸ್‌ನಲ್ಲಿದ್ದಾಗಲೇ ಮುಗಿಸಿಕೊಳ್ಳಿ. ಹೊರಗೆ ಬಂದ ಮೇಲೆ ಸಹಿ ಹಾಕುವವರೂ ಸಿಗುವುದಿಲ್ಲ, ಹಾರಿಸಲು ಹೆಲಿಕಾಪ್ಟರೂ ಸಿಗುವುದಿಲ್ಲ.

ಮೊದಲು ಬೇಕಾಗುವ ಕಾಗದ ಯಾವುದು ಗೊತ್ತಾ? ಪಿಯುಸಿ ಮಾರ್ಕ್ಸ್ ಕಾರ್ಡ್. ನೀವು ಕರ್ನಲ್ ಆಗಿರಿ, ಮೇಜರ್ ಆಗಿರಿ, ಹನ್ನೆರಡನೇ ಕ್ಲಾಸಿನಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಓದಿ ಪಾಸಾಗಿರಬೇಕು. ಆ ಕಾರ್ಡ್ ಅಸಲಿ ಅಂತ ಬೋರ್ಡಿನಿಂದ ವೆರಿಫಿಕೇಷನ್ ಪತ್ರವೂ ಬೇಕು. ಆಮೇಲೆ ಡಿಜಿಸಿಎ ಒಂದು ಕಂಪ್ಯೂಟರ್ ನಂಬರ್ ಕೊಡುತ್ತದೆ. ಅದಿಲ್ಲದೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಕಾಮರ್ಸ್ ಓದಿ, ಡಿಗ್ರಿ ಮುಗಿಸಿ ಆರ್ಮಿಗೆ ಬಂದವರು ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಬರೆಯಬೇಕಾಗುತ್ತದೆ. ನನಗೆ ಆ ತೊಂದರೆ ಇರಲಿಲ್ಲ. ಆದರೂ ಮಾರ್ಕ್ಸ್ ಕಾರ್ಡ್ ಹುಡುಕುವುದಕ್ಕೆ ಅಮ್ಮ ಅಟ್ಟದ ಮೇಲಿನ ಟ್ರಂಕನ್ನೆಲ್ಲ ಕೆಳಗಿಳಿಸಬೇಕಾಯಿತು.

ಇನ್ನು ಲಾಗ್‌ಬುಕ್. ಇಡೀ ಕೆಲಸದಲ್ಲಿ ನಿಜವಾದ ಬೆವರು ಇಳಿಯುವುದು ಇಲ್ಲೇ.

ಸಿಪಿಎಲ್ ಮಟ್ಟಿಗೆ ಗಂಟೆಗಳ ಚಿಂತೆ ಇಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋದ ಲೈಸೆನ್ಸ್ ನಿಯಮ, ಅಂದರೆ ಅನೆಕ್ಸ್ 1, ಕೇಳುವುದು 150 ಗಂಟೆ. ಯಾವ ಆರ್ಮಿ ಪೈಲಟ್ ಆದರೂ ಅದನ್ನು ಎಂದೋ ದಾಟಿರುತ್ತಾನೆ. ಎಟಿಪಿಎಲ್‌ಗೆ 1000 ಗಂಟೆ. ಅದೂ ಕಷ್ಟವಲ್ಲ. ಆದರೆ ಆ 1000ದ ಒಳಗೆ ಏನೇನಿದೆ ಅಂತ ಬಿಡಿಸಿ ತೋರಿಸಬೇಕು. ಕ್ಯಾಪ್ಟನ್ ಆಗಿ 250, ಕ್ರಾಸ್ ಕಂಟ್ರಿ (ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾರಿ ಹಿಡಿದು ಹಾರಿದ್ದು) 200, ಇನ್‌ಸ್ಟ್ರುಮೆಂಟ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರಿಸಿದ್ದು) 30, ರಾತ್ರಿ ಹಾರಾಟ 50.

ನನ್ನ ಸರ್ವಿಸ್ ಜಾಸ್ತಿ ಕಳೆದಿದ್ದು ಚೀತಾ ಅನ್ನುವ ಚಿಕ್ಕ ಹೆಲಿಕಾಪ್ಟರಿನಲ್ಲಿ. ಒಂದೇ ಎಂಜಿನ್. ಎತ್ತರದ ಪೋಸ್ಟ್‌ಗಳಿಗೆ ಬೆಳಗಿನ ತಣ್ಣನೆ ಹೊತ್ತಿನಲ್ಲೇ ಹೋಗಿ ಬರಬೇಕು. ಬಿಸಿಲೇರಿದರೆ ಗಾಳಿ ತೆಳುವಾಗುತ್ತದೆ, ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ. ಅಲ್ಲಿ ರಾತ್ರಿ ಹಾರಿಸುವವರು ಯಾರು? ಮೋಡದೊಳಗೆ ನುಗ್ಗುವವರು ಯಾರು? ಒಟ್ಟು ಗಂಟೆ ನೋಡಿದರೆ ಎದೆಯುಬ್ಬುತ್ತದೆ, ರಾತ್ರಿಯ ಕಾಲಂ ನೋಡಿದರೆ ಖಾಲಿ ಖಾಲಿ. ಗ್ಲೇಸಿಯರ್‌ನಲ್ಲಿ ಇಳಿಸಿದ್ದಕ್ಕೆ ಡಿಜಿಸಿಎ ಫಾರಂನಲ್ಲಿ ಕಾಲಂ ಇಲ್ಲ, ರಾತ್ರಿ ಗಂಟೆಗೆ ಇದೆ. ಬೇಸರ ಪಟ್ಟುಕೊಂಡು ಪ್ರಯೋಜನವಿಲ್ಲ. ಮುಂದಿನ ಪೋಸ್ಟಿಂಗ್ ಬಯಲಿನಲ್ಲಿ ಸಿಕ್ಕಿತು. ಅಲ್ಲಿ ನೈಟ್ ಫ್ಲೈಯಿಂಗ್ ಪಟ್ಟಿ ಬಂದಾಗಲೆಲ್ಲ ನನ್ನ ಹೆಸರು ಬರೆಸುತ್ತಿದ್ದೆ. ಬೇರೆಯವರು ಆ ಹೊತ್ತಿಗೆ ಮೆಸ್ಸಿನಲ್ಲಿರುತ್ತಿದ್ದರು.

ಗಂಟೆ ಎಣಿಸುವ ರೀತಿಯನ್ನೂ ನೋಡಿಕೊಳ್ಳಿ. ಸಿವಿಲ್ ಲೆಕ್ಕದಲ್ಲಿ ಹೆಲಿಕಾಪ್ಟರಿನ ಹಾರಾಟದ ಸಮಯ ಅಂದರೆ ರೋಟರ್ ತಿರುಗಲು ಶುರುವಾದಾಗಿನಿಂದ ಇಳಿದು ರೋಟರ್ ನಿಲ್ಲುವವರೆಗೆ. ನಿಮ್ಮ ಯೂನಿಟ್ ಯಾವ ಲೆಕ್ಕದಲ್ಲಿ ಬರೆದಿದೆ, ಕೋ-ಪೈಲಟ್ ಗಂಟೆ ಬೇರೆ ಇದೆಯಾ, ಪ್ರತಿ ಪುಟದ ಮೊತ್ತ ಮುಂದಿನ ಪುಟಕ್ಕೆ ಸರಿಯಾಗಿ ಹೋಗಿದೆಯಾ, ಎಲ್ಲ ನೋಡಿ. ನಾನು ಒಂದು ರಜೆ ಪೂರ್ತಿ ಹಾಸನದ ಮನೆಯಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಹೆಂಡತಿ ಓದುವುದು, ನಾನು ಟೈಪ್ ಮಾಡುವುದು. ಅವಳು ಬ್ಯಾಂಕಿನವಳು, ಮೊತ್ತ ತಾಳೆಯಾಗದಿದ್ದರೆ ಏಳಲು ಬಿಡುತ್ತಿರಲಿಲ್ಲ. ಆ ಶೀಟಿಗೆ ಕಮಾಂಡಿಂಗ್ ಆಫೀಸರ್ ಸಹಿ, ಸೀಲು ಹಾಕಿಸಿಕೊಂಡ ಮೇಲೆಯೇ ನಿದ್ದೆ ಬಂತು.

ಪರೀಕ್ಷೆ ಬಗ್ಗೆ ಜನ ಸುಮ್ನೆ ಹೆದರಿಸುತ್ತಾರೆ. ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೆಟಿಯೊರಾಲಜಿ, ಟೆಕ್ನಿಕಲ್. ಪಾಸಾಗಲು 70 ಪರ್ಸೆಂಟ್. ಹಾಸನದವರಿಗೆ ಬೆಂಗಳೂರೇ ಹತ್ತಿರದ ಸೆಂಟರ್. ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಇರುವುದರಿಂದ ಪುಸ್ತಕ ತಿರುವಿ ಹಾಕುತ್ತಾ ಹೋಗಬಹುದು.

ಮೆಟಿಯೊರಾಲಜಿ ನಮ್ಮ ಜಿಲ್ಲೆಯವರಿಗೆ ಸುಲಭ ಅಂತ ನಾನು ಹೇಳುತ್ತೇನೆ. ಬೆಟ್ಟಕ್ಕೆ ಬಡಿದ ತೇವದ ಗಾಳಿ ಮೇಲೇರಿ, ತಣ್ಣಗಾಗಿ, ಗಾಳಿ ಬರುವ ಕಡೆಗೇ ಮಳೆ ಸುರಿಸುತ್ತದೆ, ಆಚೆ ಬದಿ ಒಣಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯ ಇದೆ. ಜುಲೈನಲ್ಲಿ ಸಕಲೇಶಪುರದಲ್ಲಿ ಕೊಡೆ ಹಿಡಿದು ಬಸ್ ಹತ್ತಿ, ಅರಸೀಕೆರೆಯಲ್ಲಿ ಧೂಳಿಗೆ ಇಳಿದವರಿಗೆ ಆ ಅಧ್ಯಾಯ ಓದುವುದೇ ಬೇಡ. ನನಗೆ ಒಗ್ಗದಿದ್ದದ್ದು ರೆಗ್ಯುಲೇಷನ್ಸ್. ಆರ್ಮಿಯಲ್ಲಿ ಕೆಲಸ ಕೊಟ್ಟು ಮುಗಿಸಿ ಬಾ ಅಂತಾರೆ. ಇಲ್ಲಿ ಪ್ರತಿ ಹೆಜ್ಜೆಗೂ ನಿಯಮದ ನಂಬರ್ ಇದೆ. 1944ರ ಶಿಕಾಗೋ ಒಪ್ಪಂದದಿಂದ ಹಿಡಿದು ಡ್ಯೂಟಿ ಸಮಯದ ಮಿತಿಯವರೆಗೆ ಬಾಯಿಪಾಠವೇ ಗತಿ.

ರೇಡಿಯೋ ಪರೀಕ್ಷೆ, ಅಂದರೆ ಆರ್‌ಟಿಆರ್, ನಾನು ಬರೆಯುವಾಗ ಟೆಲಿಕಾಂ ಇಲಾಖೆಯ ಕೈಯಲ್ಲಿತ್ತು. 2024ರ ಭಾರತೀಯ ವಾಯುಯಾನ ಕಾಯ್ದೆ ಬಂದ ಮೇಲೆ ಅದೂ ಡಿಜಿಸಿಎಗೆ ಬಂದಿದೆ. ದಿನಾ ರೇಡಿಯೋದಲ್ಲಿ ಮಾತಾಡುವವರಿಗೆ ಇದೇನು ಮಹಾ ಅನ್ನಿಸಬಹುದು. ಯೂನಿಟ್ಟಿನ ಮಾತಿನ ಅಭ್ಯಾಸ ಬಿಟ್ಟು ಪುಸ್ತಕದ ಪದಗಳನ್ನೇ ಹೇಳಬೇಕು, ಒಂದು ಪದ ಆಚೀಚೆ ಆಗಬಾರದು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೇನೆ, ಮಕ್ಕಳು ನಕ್ಕರೂ ಸರಿ.

ಕ್ಲಾಸ್ 1 ಮೆಡಿಕಲ್‌ಗೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋದೆ. ಆರ್ಮಿ ಮೆಡಿಕಲ್ ಪಾಸಾಗಿದ್ದೀರಿ ಅಂತ ಇಲ್ಲಿ ರಿಯಾಯಿತಿ ಇಲ್ಲ. ಹೆಲಿಕಾಪ್ಟರಿನವರು ಕಿವಿ ಪರೀಕ್ಷೆಯನ್ನು ಮೊದಲೇ ಹೊರಗೆ ಒಮ್ಮೆ ಮಾಡಿಸಿ ನೋಡಿಕೊಳ್ಳಿ. ಅಷ್ಟು ವರ್ಷ ಆ ಸದ್ದಿನಲ್ಲಿ ಕೂತಿರುತ್ತೇವೆ, ಅಲ್ವಾ.

ಲೈಸೆನ್ಸ್ ಬಂದ ಮೇಲೆ ಟೈಪ್ ರೇಟಿಂಗ್, ಅಂದರೆ ಆಯಾ ಮಾದರಿಯ ಹೆಲಿಕಾಪ್ಟರ್ ಹಾರಿಸುವ ಅರ್ಹತೆ. ಕಂಪನಿಗಳಲ್ಲಿ ಚೀತಾ ಇಲ್ಲ, ಬೆಲ್ 407, ಎಎಸ್350 ಬಿ3 ಥರದವು ಇವೆ. ಇಲ್ಲಿ ಒಂದು ವಿಷಯ ಕಾಲಿಗೆ ಸಂಬಂಧಿಸಿದ್ದು. ಚೀತಾ, ಚೇತಕ್ ಫ್ರೆಂಚ್ ವಂಶದವು. ಮೇಲಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ. ಪವರ್ ಹೆಚ್ಚಿಸಿದರೆ ಮೂಗು ಎಡಕ್ಕೆ ಹೋಗುತ್ತದೆ, ಬಲಗಾಲಿನ ಪೆಡಲ್ ಒತ್ತಬೇಕು. ಬೆಲ್‌ನಲ್ಲಿ ಎಲ್ಲ ಉಲ್ಟಾ, ಎಡಗಾಲು ಒತ್ತಬೇಕು. ತಲೆಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ವರ್ಷಗಟ್ಟಲೆ ಬಲಗಾಲು ಒತ್ತಿದ ಕಾಲಿಗೆ ಅರ್ಥವಾಗಲು ಸಮಯ ಬೇಕು. ಆ ತರಬೇತಿಯಲ್ಲಿ, ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವ ಹೋವರ್‌ಗೆ ಜಾಸ್ತಿ ಹೊತ್ತು ಕೇಳಿ ಪಡೆಯಿರಿ. ನಾಚಿಕೆ ಬೇಡ.

ಕೆಲಸ ಅಂತ ಬಂದರೆ ದಾರಿಗಳು ಬೇರೆ ಬೇರೆ. ಕೇದಾರನಾಥದ ಶಟಲ್ ಇದೆ, ಯಾತ್ರೆಯ ತಿಂಗಳುಗಳಲ್ಲಿ ಫಾಟಾ, ಗುಪ್ತಕಾಶಿಯಿಂದ ಹೋಗಿ ಬರುವುದು. ಬೆಟ್ಟದ ಅನುಭವ ಇರುವ ನಮ್ಮಂಥವರನ್ನು ಅಲ್ಲಿ ಕೇಳುತ್ತಾರೆ. ಚುನಾವಣೆ ಬಂದರೆ ಚಾರ್ಟರ್, ಹಾಸನದ ಸ್ಕೂಲ್ ಫೀಲ್ಡುಗಳಲ್ಲಿ ಇಳಿಯುವುದನ್ನು ನೀವೇ ನೋಡಿರುತ್ತೀರಿ. ಆ ಫೀಲ್ಡಿನಿಂದ ಏಳುವ ಮೊದಲು ಪೈಲಟ್ ಫೋನಿನಲ್ಲಿ ಎಡಿಸಿ ನಂಬರ್, ಎಫ್‌ಐಸಿ ನಂಬರ್ ತೆಗೆದುಕೊಳ್ಳಬೇಕು. ಎಫ್‌ಐಸಿ ಅಂದರೆ ಹಾರಾಟ ಮಾಹಿತಿ ಕೇಂದ್ರ, ಎಡಿಸಿ ಅಂದರೆ ವಾಯುರಕ್ಷಣೆಯ ಅನುಮತಿ. ನಿನ್ನೆವರೆಗೆ ಫೌಜಿ ಆಗಿದ್ದವನು ಇವತ್ತು ಫೌಜಿನ ಕಡೆಯಿಂದಲೇ ಅನುಮತಿ ಕೇಳುತ್ತಾ ನಿಂತಿರುತ್ತಾನೆ, ಅದೊಂದು ಮಜಾ. ಚಾರ್ಟರಿನಲ್ಲಿ ಕಲಿಯಬೇಕಾದ ಇನ್ನೊಂದು ವಿದ್ಯೆ "ಆಗಲ್ಲ ಸರ್" ಅನ್ನುವುದು. ಗಾಯಾಳುವನ್ನು ತರಲು ಮೋಡದ ಸಂದಿಯಲ್ಲಿ ನುಗ್ಗಿದ್ದು ಆ ಕಾಲ. ಭಾಷಣಕ್ಕೆ ತಡವಾಯಿತು ಅಂತ ಚಾರ್ಮಾಡಿ ಮೇಲಿನ ಮೋಡಕ್ಕೆ ನುಗ್ಗುವ ಅಗತ್ಯ ಯಾರಿಗೂ ಇಲ್ಲ.

ನಾನು ಹೋಗಿದ್ದು ಆಫ್‌ಶೋರ್ ಕಡೆ, ಮುಂಬೈನ ಜುಹುವಿನಿಂದ ಸಮುದ್ರದ ಎಣ್ಣೆ ರಿಗ್‌ಗಳಿಗೆ. ಕೆಲವು ವಾರ ಡ್ಯೂಟಿ, ಕೆಲವು ವಾರ ಹಾಸನದಲ್ಲಿ ಮನೆ. ಅದಕ್ಕೂ ಮೊದಲು ಹ್ಯೂಯೆಟ್ ತರಬೇತಿ ಇದೆ. ಹೆಲಿಕಾಪ್ಟರಿನ ಮಾದರಿಯಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ, ನೀರಿನಲ್ಲಿ ತಲೆಕೆಳಗು ಮಾಡುತ್ತಾರೆ, ಕಿಟಕಿ ತಳ್ಳಿ ಹೊರಬರಬೇಕು. ಹೇಮಾವತಿಯಲ್ಲಿ ಈಜು ಕಲಿತವರಿಗೂ ಮೂಗಿಗೆ ನೀರು ಹೋಗುತ್ತದೆ. ಆಫ್‌ಶೋರ್‌ನಲ್ಲಿ ಎರಡು ಎಂಜಿನ್, ಇಬ್ಬರು ಪೈಲಟ್. ಇನ್‌ಸ್ಟ್ರುಮೆಂಟ್ ರೇಟಿಂಗ್ ಕೇಳುತ್ತಾರೆ. ಆದ್ದರಿಂದ ಚೀತಾದಲ್ಲಿರುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಹೊರಬರುವ ಯೋಚನೆ ಇದ್ದರೆ ಕೊನೆಯ ಪೋಸ್ಟಿಂಗ್‌ಗೆ ಧ್ರುವ್ ಹೆಲಿಕಾಪ್ಟರ್ ಕೇಳಿ ನೋಡಿ. ಎರಡು ಎಂಜಿನ್ನಿನ ಗಂಟೆ, ರಾತ್ರಿಯ ಗಂಟೆ, ಇನ್‌ಸ್ಟ್ರುಮೆಂಟ್ ಗಂಟೆ ಮೂರೂ ಅಲ್ಲಿ ಸಿಗುತ್ತವೆ. ಅರ್ಜಿ ಹಾಕುವುದಕ್ಕೆ ದುಡ್ಡೇನೂ ಕೊಡಬೇಕಾಗಿಲ್ಲ.