ಪಚ್ಚಿಲೆ ಹಗ್ಗ ಅಡ್ಡ ಕಟ್ಟಿದ್ದು, ಆ ಹಗ್ಗಕ್ಕೆ ಬಂದು ಸೇರಿದ್ದು

ಆಳ ಇಲ್ಲದ ಕಡೆ ಪಚ್ಚಿಲೆ (ಹಗ್ಗಕ್ಕೆ ಅಂಟಿ ಬೆಳೆಯುವ, ನಾವು ತಿನ್ನುವ ಹಸಿರು ಚಿಪ್ಪಿನ ಜೀವಿ) ಆಗುವುದಿಲ್ಲ ಅಂತ ಹೇಳಿದವರೇ ಈಗ ಬಂದು ಬೀಜ, ಅಂದರೆ ಮರಿ ಪಚ್ಚಿಲೆ, ಎಲ್ಲಿಂದ ತಂದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಜಾಗ ಮೂಲ್ಕಿ ಕಡೆ. ಶಾಂಭವಿ, ನಂದಿನಿ ಸೇರಿ ಸಮುದ್ರಕ್ಕೆ ಹೋಗುವ ಅಳಿವೆಯ ಒಳಮಗ್ಗುಲು. ಇಳಿತದಲ್ಲಿ ಸೊಂಟದವರೆಗೂ ನೀರಿರುವುದಿಲ್ಲ. ಮೊದಲು ನಾನೂ ಎಲ್ಲರ ಹಾಗೆ ಬಿದಿರಿನ ಚಪ್ಪರ ಹಾಕಿ ಹಗ್ಗ ಇಳಿಬಿಟ್ಟಿದ್ದೆ. ತುದಿ ಕೆಸರಿಗೆ ತಾಗಿತು, ಅಲ್ಲಿಂದ ಏಡಿ ಹತ್ತಿತು. ಕೆಳಗಿನ ಒಂದಡಿ ಪೂರ್ತಿ ಖಾಲಿ ಚಿಪ್ಪು. ಮರುವರ್ಷ ಹಗ್ಗ ಗಿಡ್ಡ ಮಾಡಿದೆ. ಏಡಿ ಕಾಟ ತಪ್ಪಿತು, ಬೆಳೆಯೂ ಅರ್ಧಕ್ಕೆ ಇಳಿಯಿತು. ಅದರ ಮೇಲೆ ಬಿದಿರಿಗೆ ಹುಳು ಕೊರೆದು ಚಪ್ಪರವೇ ಒಂದು ಮಗ್ಗುಲಿಗೆ ಮಲಗಿತು. ಎರಡೂ ಸಲ ಸೇರಿ ಎಂಬತ್ತು ಸಾವಿರದ ಹತ್ತಿರ ನೀರಿಗೆ ಹೋಗಿರಬೇಕು. ಮನೆಯಲ್ಲಿ ಸರಿಯಾದ ಲೆಕ್ಕ ಇವತ್ತಿಗೂ ಹೇಳಿಲ್ಲ.

ಕೇರಳದಲ್ಲಿ ಆಳ ಕಡಿಮೆ ಇದ್ದಲ್ಲಿ ಹಗ್ಗವನ್ನು ಇಳಿಬಿಡದೆ ಗೂಟದಿಂದ ಗೂಟಕ್ಕೆ ಅಡ್ಡ ಕಟ್ಟುವುದುಂಟು. ಕಾಸರಗೋಡಿನ ಪಡನ್ನದವರು 1990ರ ದಶಕದಿಂದಲೂ ಹಿನ್ನೀರಿನಲ್ಲಿ ಪಚ್ಚಿಲೆ ಬೆಳೆಸುತ್ತಿದ್ದಾರೆ, ಅವರಿಗೆ ಇದೆಲ್ಲ ಹೊಸತಲ್ಲ. ನಾನೂ ಹಾಗೇ ಕಟ್ಟಿದೆ. ನಮ್ಮಲ್ಲಿ ಮಾತ್ರ ದೋಣಿಯಲ್ಲಿ ಹೋಗುವವರೆಲ್ಲ "ಬಟ್ಟೆ ಒಣಗಿಸಲಿಕ್ಕಾ ಮಾರಾಯ?" ಅಂತ ಕೇಳಿದ್ದೇ ಕೇಳಿದ್ದು.

ಹಗ್ಗದ ಸುತ್ತ ಬೀಜ ಇಟ್ಟು, ಅದರ ಮೇಲೆ ಹತ್ತಿಯ ಪರದೆ ಬಟ್ಟೆ ಸುತ್ತಿ ಹೊಲಿಯುವುದು ನಿಮಗೆ ಗೊತ್ತಿದ್ದದ್ದೇ. ಮೀಟರಿಗೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಬೀಜ ಹಾಕಿದೆ. ಉಗುರಿನಷ್ಟು ದೊಡ್ಡದಿದ್ದರೆ ಒಳ್ಳೆಯದು. ಬಿದಿರು ಬಿಟ್ಟು ಗಾಳಿಮರದ ಗೂಟ, ಸುಮಾರು ಎಂಟಡಿಗೊಂದು. ಇಲ್ಲದಿದ್ದರೆ ಫೆಬ್ರವರಿಯಲ್ಲಿ ಭಾರಕ್ಕೆ ಹಗ್ಗ ಜೋತು ಕೆಸರು ಮುಟ್ಟುತ್ತದೆ. ಮಳೆ ನೀರು ಇಳಿದು ಉಪ್ಪು ಸಾವಿರಕ್ಕೆ 25 ಭಾಗ ದಾಟುವವರೆಗೆ ನಾನು ಹಗ್ಗ ಕಟ್ಟುವುದಿಲ್ಲ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಒಂದು ಇಟ್ಟುಕೊಳ್ಳಿ, ನಾಲಿಗೆ ನಂಬಬೇಡಿ.

ನಿಜವಾದ ಗುಟ್ಟು ಎತ್ತರದಲ್ಲಿದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಹಗ್ಗ ಸ್ವಲ್ಪ ಹೊತ್ತು ನೀರಿನಿಂದ ಹೊರಗೆ ಬರಬೇಕು. ಪಚ್ಚಿಲೆ ಚಿಪ್ಪು ಮುಚ್ಚಿಕೊಂಡು ಕೂರುತ್ತದೆ, ಅದಕ್ಕೇನೂ ಆಗುವುದಿಲ್ಲ. ಅದರ ಮೇಲೆ ಹತ್ತಿಕೊಂಡ ಮೆತ್ತಗಿನ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಉಜ್ಜುವ ಕೂಲಿ ಉಳಿಯಿತಲ್ವಾ? ಎಷ್ಟು ಇಂಚು, ಎಷ್ಟು ಹೊತ್ತು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾನು ಕೊಟ್ಟ ದುಡ್ಡು ಕಮ್ಮಿಯೇನಲ್ಲ.

ಈ ಹತ್ತಿಕೊಳ್ಳುವ ಜೀವಿಗಳ ಮೇಲೆ ನನಗೆ ಹುಚ್ಚು ಹಿಡಿದದ್ದು ಆಮೇಲೆ. ಸುಮ್ನೆ ನೋಡೋಣ ಅಂತ ಬೀಜ ಹಾಕದ ಖಾಲಿ ಹಗ್ಗಗಳನ್ನು ಮೂರು ಕಡೆ ಕಟ್ಟಿದೆ. ಅಳಿವೆ ಬಾಯಿ ಹತ್ತಿರದ್ದಕ್ಕೆ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಅಂಟುಜೀವಿ, ಸುಣ್ಣದ ಕೊಳವೆ ಕಟ್ಟುವ ಹುಳು. ಜೊತೆಗೆ ಹತ್ತಿಯಂಥ ಕೂದಲು, ಅದು ಪಾಚಿಯಲ್ಲ, ಹೈಡ್ರಾಯ್ಡ್ ಎಂಬ ಪ್ರಾಣಿ. ನಡುವಿನದಕ್ಕೆ ಮುಟ್ಟಿದರೆ ನೀರು ಚಿಮ್ಮುವ ಸೀ ಸ್ಕ್ವರ್ಟ್, ಸಣ್ಣ ಸಿಗಡಿ, ಉಗುರಿನಗಲದ ಏಡಿ. ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ್ದಕ್ಕೆ ಮುರು, ಅಂದರೆ ಆಯ್ಸ್ಟರ್, ಉಳಿದದ್ದೆಲ್ಲ ಮಣ್ಣಿನ ಕೊಳವೆ. ಒಂದೇ ಹೊಳೆ, ಒಂದೇ ಅಂಗಡಿಯ ಹಗ್ಗ, ಮೂರಕ್ಕೂ ಬೇರೆಬೇರೆ ಸಂಸಾರ. ಉಪ್ಪು, ಕೆಸರು, ನೀರಿನ ಓಟ ಒಂಚೂರು ಬದಲಾದರೆ ಸಾಕು. ಇಷ್ಟರಲ್ಲೇ ಇಷ್ಟಾದರೆ ಹವಳದ ದಿಬ್ಬ, ಧ್ರುವದ ಮಂಜಿನಡಿ, ಬೆಳಕೇ ಹೋಗದ ಆಳ ಎಲ್ಲ ಹೇಗಿರಬಹುದು ಲೆಕ್ಕ ಹಾಕಿ. ಪಚ್ಚಿಲೆ ಹಗ್ಗದ ಸುತ್ತ ಮೀನು ಮರಿಯೂ ಜಾಸ್ತಿ. ಕೇರಳದವರ ಕರಿಮೀನ್ ಹಗ್ಗ ಕೆರೆದು ತಿನ್ನಲು ಬರುತ್ತದೆ. ಬೀಜ ಚಿಕ್ಕದಿದ್ದಾಗ ಅದೇ ಶತ್ರು, ಹಾಗಾಗಿ ಮೊದಲ ಕೆಲವು ವಾರ ಸುತ್ತ ಬಲೆ ಕಟ್ಟುತ್ತೇನೆ.

ಖಾಲಿ ಹಗ್ಗ ನೋಡಲು ಇನ್ನೊಂದು ಕಾರಣವಿದೆ. ದಕ್ಷಿಣ ಅಮೆರಿಕ ಕಡೆಯ ಚರ್ರು ಮಸೆಲ್ ಎಂಬ ಕಪ್ಪು-ಕಂದು ಚಿಪ್ಪು ಕೇರಳದ ಅಷ್ಟಮುಡಿ ಹಿನ್ನೀರಿಗೆ ಬಂದು ಪಚ್ಚಿಲೆಯ ಜಾಗವನ್ನೇ ಹಿಡಿದುಕೊಂಡಿದೆ. ನಮ್ಮ ಪಚ್ಚಿಲೆಯೂ ಪಾಪದ್ದಲ್ಲ ಬಿಡಿ. ಅದು 1990ರಲ್ಲಿ ಟ್ರಿನಿಡಾಡ್‌ನಲ್ಲಿ ಕಾಣಿಸಿಕೊಂಡಿತು. 1999ರಲ್ಲಿ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ವಿದ್ಯುತ್ ಸ್ಥಾವರಗಳ ನೀರಿನ ಕೊಳವೆಯೊಳಗೇ ಕೂತಿತ್ತು. ಇವೆಲ್ಲ ಹಡಗಿನ ಜೊತೆ ಊರೂರು ತಿರುಗುವ ಜಾತಿ. ನನ್ನ ಹಗ್ಗದಲ್ಲಿ ಚರ್ರು ಇದುವರೆಗೆ ಸಿಕ್ಕಿಲ್ಲ, ಆದರೂ ಪ್ರತಿ ತಿಂಗಳು ಹುಡುಕುತ್ತೇನೆ. ಹೊರಗಿನಿಂದ ಬೀಜ ತರುವವರು ಒಂದೊಂದು ಹಿಡಿ ತೆಗೆದು ಬಣ್ಣ ನೋಡಿಯೇ ನೀರಿಗೆ ಇಳಿಸಿ.

ದುಡ್ಡಿನ ವಿಷಯ. ಕಳೆದ ಸಲ ಇನ್ನೂರು ಮೀಟರ್ ಹತ್ತಿರ ಹಗ್ಗ ಇತ್ತು. ಬೀಜ, ಗೂಟ, ಬಟ್ಟೆ, ಕೂಲಿ ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ಮೀಟರಿಗೆ ಏಳೆಂಟು ಕೆ.ಜಿ. ಬಂತು. ಹತ್ತು ಬರುತ್ತದೆ ಅನ್ನುವವರಿದ್ದಾರೆ, ನನಗೆ ಬಂದಿಲ್ಲ. ದಲ್ಲಾಳಿಗೆ ಕೊಟ್ಟರೆ ಕೆ.ಜಿ.ಗೆ ಎಂಬತ್ತು ಸಿಗುವುದೂ ಕಷ್ಟ. ಒಂದು ದಿನ ಶುದ್ಧ ಉಪ್ಪುನೀರಿನಲ್ಲಿ ಇಟ್ಟು, ಮರಳು ಬಿಡಿಸಿ, ನಾನೇ ಹೋಟೆಲಿಗೆ ಕೊಟ್ಟದ್ದಕ್ಕೆ ನೂರ ಮೂವತ್ತರವರೆಗೂ ಸಿಕ್ಕಿತು. ಸುಕ್ಕ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕರೆ ಆ ಹೋಟೆಲಿನವರು ಮತ್ತೆ ಫೋನ್ ಎತ್ತುವುದಿಲ್ಲ, ನೆನಪಿರಲಿ. ಕೊಯ್ಲು ಮೇ ಮೊದಲ ವಾರದೊಳಗೆ ಮುಗಿಸಲೇಬೇಕು. ಇನ್ನೂ ದಪ್ಪ ಆಗಲಿ ಅಂತ ಕಾದ ನಮ್ಮ ಪಕ್ಕದವರೊಬ್ಬರಿಗೆ ಮುಂಗಾರಿನ ಮೊದಲ ಸಿಹಿನೀರು ಪಚ್ಚಿಲೆಯನ್ನೆಲ್ಲ ಸಾಯಿಸಿ ಬಾಯಿ ತೆರೆಸಿಬಿಟ್ಟಿತು.

ಈ ಸಲ ಕಾಂಡ್ಲಾ ಬುಡದ ಆ ಖಾಲಿ ಹಗ್ಗದ ಜಾಗದಲ್ಲಿ ಚಿಪ್ಪಿನ ಸರ ಕಟ್ಟಿ ಮುರು ಹಿಡಿಸುತ್ತಿದ್ದೇನೆ. ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ, ತಾನಾಗಿಯೇ ಬರುತ್ತದೆ. ಅದೂ ಆಗುವುದಿಲ್ಲ ಅಂತ ಈಗಾಗಲೇ ಇಬ್ಬರು ಹೇಳಿ ಹೋಗಿದ್ದಾರೆ.