ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ವಾ?

ಹೊಡೆಯುತ್ತದೆ. ಎಂಸಿಬಿ ಎಂದರೆ ಕರೆಂಟ್ ಬೋರ್ಡಿನಲ್ಲಿ ತಾನಾಗಿಯೇ ಆಫ್ ಆಗುವ ಸ್ವಿಚ್. ಅದು ಇರುವುದು ವೈರ್ ಸುಡದಂತೆ ಕಾಯುವುದಕ್ಕೆ. ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ, ಅಷ್ಟೇ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಜೀವ ಉಳಿಸುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್ ಎಲ್ಲೋ ಸೋರಿದರೂ ತಕ್ಷಣ ಆಫ್. ಮನೆಗೆ ಈ 30ರದ್ದೇ ಹಾಕಿಸಿ, 300ರದ್ದು ಬೆಂಕಿ ತಡೆಯಲು ಮಾತ್ರ. ಅದರ ಮೇಲೆ 'ಟಿ' ಎಂಬ ಪುಟ್ಟ ಬಟನ್ ಇರುತ್ತದೆ, ನೋಡಿರಬಹುದು. ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆಯಾ? ಎಲ್ಲ ಪ್ಲಗ್ ಕಿತ್ತುಬಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ನ್ಯೂಟ್ರಲ್ ಇನ್ನೂ ಸೇರಿಕೊಂಡೇ ಇರುತ್ತದೆ. ಆಮೇಲೆ ಒಂದೊಂದೇ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಬಿತ್ತೋ ಅದರಲ್ಲೇ ತೊಂದರೆ. ಹಳೇ ಗೀಸರ್ ಇದ್ದರೆ ನನ್ನ ಮೊದಲ ಅನುಮಾನ ಅದರ ಕಾಯಿಲ್ ಮೇಲೆ. ಏನೂ ಹಾಕದೆಯೂ ಬಿದ್ದರೆ ವೈರಿಂಗ್ ನೋಡಿಸಬೇಕು.

'ಸುಮ್ನೆ ಕಾಟ, ಬೈಪಾಸ್ ಮಾಡಿಬಿಡೋಣ ಸಾರ್' ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಇನ್ನೊಂದು ವಿಷಯ: ಒಂದು ಕೈಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಲೇಬೇಕು.