ಷಷ್ಟಿಪೂರ್ತಿಗೆ ಮನೆಮಂದಿಯ ಪಾಠಗಳ ಪುಸ್ತಕ ಮಾಡುವ ಬಗೆ

ಷಷ್ಟಿಪೂರ್ತಿಗೆ ಬಂದವರಿಗೆ ತಾಂಬೂಲದ ಜೊತೆ ಸ್ಟೀಲ್ ಡಬ್ಬಿ ಕೊಡುವುದು ರೂಢಿ. ಅದರ ಜೊತೆಗೆ ಒಂದು ತೆಳ್ಳನೆಯ ಪುಸ್ತಕವನ್ನೂ ಇಡಬಹುದು: 5 ವರ್ಷದ ಮಗುವಿನಿಂದ 80 ದಾಟಿದ ಅಜ್ಜಿಯವರೆಗೆ ಮನೆಯ ಪ್ರತಿಯೊಬ್ಬರೂ ಬದುಕಿನಲ್ಲಿ ಕಲಿತ ಒಂದೊಂದು ಪಾಠ, ಒಂದೊಂದೇ ಸಾಲಿನಲ್ಲಿ, ನಗು ಬರುವ ಹಾಗೆ.

ಕೆಲಸಕ್ಕೆ 6 ವಾರ ಬೇಕು. 1966ರ ಯುಗಾದಿಯಿಂದ 1967ರ ಯುಗಾದಿಯೊಳಗೆ ಹುಟ್ಟಿದವರದು ಪರಾಭವ ಸಂವತ್ಸರ. 60 ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿಸಿ 2026ರ ಯುಗಾದಿಗೆ ಮತ್ತೆ ಅಲ್ಲಿಗೇ ಬರುತ್ತದೆ, ಅವರ ಷಷ್ಟಿಪೂರ್ತಿಯೂ ಆ ಸಂವತ್ಸರದಲ್ಲೇ. ಪುರೋಹಿತರು ದಿನ ಹೇಳಿದ ಕೂಡಲೇ ಅಲ್ಲಿಂದ ಹಿಂದಕ್ಕೆ ಎಣಿಸಿ: ಮೊದಲ 3 ವಾರ ಸಾಲು ಕೂಡಿಸಲು, 1 ವಾರ ತಿದ್ದಲು, ಉಳಿದ 2 ವಾರ ಮುದ್ರಣಕ್ಕೆ. ಪುಸ್ತಕದಲ್ಲಿ 40 ಸಾಲು ಬೇಕಿದ್ದರೆ 60 ಕೂಡಿಸಿ. ಕೊನೆಗೆ ಬಿಡಬೇಕಾಗಿ ಬರುವುದೇ ಹೆಚ್ಚು.

ಹೆಚ್ಚಿನವರು ಎಡವುವುದು ಕೇಳುವ ಪ್ರಶ್ನೆಯಲ್ಲಿ. "ಜೀವನದಲ್ಲಿ ಏನು ಕಲಿತಿರಿ?" ಎಂದರೆ ಎಂಥ ತಮಾಷೆಯ ಮಾವನೂ ಬೆನ್ನು ನೆಟ್ಟಗೆ ಮಾಡಿಕೊಂಡು "ತಾಳಿದವನು ಬಾಳಿಯಾನು" ಅಂತ ಶುರುಮಾಡುತ್ತಾರೆ. ಬದಲಿಗೆ ಅವರು ದಿನವೂ ಮಾಡುವ ಕೆಲಸದ ಬಗ್ಗೆ ಕೇಳಿ. ಮಾರ್ಕೆಟ್ಟಿಗೆ ಯಾರನ್ನು ಕಳಿಸಬಾರದು? ಬಂದ ನೆಂಟರು ಎದ್ದು ಹೊರಟು, ಬಾಗಿಲಲ್ಲಿ ನಿಂತು ಮತ್ತೆ ಅರ್ಧ ಗಂಟೆ ಮಾತಾಡಿದರೆ ಏನು ಮಾಡುತ್ತೀರಿ? ಮದುವೆಯಾದ ಮೊದಲ ವರ್ಷ ಯಾವ ಅಡುಗೆ ಕೆಟ್ಟಿತ್ತು? ಇಂಥ ಪ್ರಶ್ನೆಗೆ ಉತ್ತರ ಕೊಡುವಾಗ ಪಾಠ ತಾನಾಗಿಯೇ ಬಾಯಿಗೆ ಬರುತ್ತದೆ. ಕೈಗೆ ಕೆಲಸವಿದ್ದಾಗ ಕೇಳಿದರೆ ಇನ್ನೂ ಒಳ್ಳೆಯದು. ಅವರೆಕಾಯಿ ಬಿಡಿಸುತ್ತಾ, ಹೂ ಕಟ್ಟುತ್ತಾ ಕೂತವರ ಮಾತು ಸಲೀಸು. ಅವರಿಗೆ ಹೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಪೆನ್ನು ಹಿಡಿದು ಎದುರಿಗೆ ಕೂತರೆ ಮಾತು ಪುಸ್ತಕದ ಭಾಷೆಗೆ ತಿರುಗುತ್ತದೆ.

ಮಕ್ಕಳನ್ನು ಕೇಳುವಾಗ ಅಪ್ಪ ಅಮ್ಮ ಆ ಕೋಣೆಯಲ್ಲಿ ಇರಬಾರದು. ಇದ್ದರೆ "ದೊಡ್ಡವರ ಮಾತು ಕೇಳಬೇಕು" ಎಂಬ ಒಂದೇ ಸಾಲು ಎಲ್ಲ ಮಕ್ಕಳಿಂದಲೂ ಬರುತ್ತದೆ. ಮಗುವಿನ ಸಾಲು ಹೀಗಿರಬೇಕು: "5 ವರ್ಷ: ಅಜ್ಜಿ ಒಂದು ಚಕ್ಕುಲಿ ಅಂದರೆ ಮೂರು." 9 ವರ್ಷದ್ದು: "ಅಪ್ಪ 'ಐದೇ ನಿಮಿಷ, ಇಲ್ಲೇ ನಿಂತಿರು' ಅಂದರೆ ಮೊದಲು ಕೂರೋಕೆ ಜಾಗ ನೋಡ್ಕೋಬೇಕು."

ಇನ್ನು ತಿದ್ದುವುದು. ಪುಸ್ತಕ ನಿಲ್ಲುವುದೂ ಬೀಳುವುದೂ ಇಲ್ಲಿಯೇ, ಹಾಗಾಗಿ ಅವಸರ ಬೇಡ. ಒಂದು ಸಾಲು 15 ಪದದೊಳಗಿರಲಿ. "ಎಂಬುದನ್ನು ನಾನು ಕಲಿತೆ", "ಅಂತ ಗೊತ್ತಾಯಿತು" ಎಂಬ ಬಾಲವನ್ನು ಎಲ್ಲ ಕಡೆಯೂ ಕತ್ತರಿಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಚಕ್ಕುಲಿ ಮೂರು ಎಂಬಲ್ಲಿ ಹುಟ್ಟಿದ ನಗು ಈ ಬಾಲ ಓದಿ ಮುಗಿಸುವಷ್ಟರಲ್ಲಿ ಆರಿಹೋಗಿರುತ್ತದೆ. ಮುಂದೆ ವಯಸ್ಸು ಹಾಕಿದರೆ ಕಲಿತದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ನಗು ತರುವ ಪದ ಆದಷ್ಟೂ ಕೊನೆಯ ಜಾಗದಲ್ಲಿರಲಿ.

ಆಡುಮಾತನ್ನು ಮುಟ್ಟಬೇಡಿ. ಹುಬ್ಬಳ್ಳಿ ಅತ್ತಿಯ ಬಾಯಲ್ಲಿ ಬಂದದ್ದು: "ಬೀಗರು 'ಏನೂ ತ್ರಾಸ ತಗೋಬ್ಯಾಡ್ರಿ' ಅಂದ್ರ, ಹೋಳಿಗಿ ಮಾಡಬೇಕು." ಇದನ್ನು "ಸಂಬಂಧಿಕರು ತೊಂದರೆ ತೆಗೆದುಕೊಳ್ಳಬೇಡಿ ಎಂದರೆ ಸಿಹಿ ಅಡುಗೆ ತಯಾರಿಸಬೇಕು" ಎಂದು ತಿದ್ದಿದರೆ ಅತ್ತಿಯೂ ಇಲ್ಲ, ಹೋಳಿಗಿಯೂ ಇಲ್ಲ. ಬೆರಳಚ್ಚು ಮಾಡುವವರು ಹಳ್ಳಿಮಾತನ್ನು ತಪ್ಪೆಂದು ತಿಳಿದು ಸರಿಪಡಿಸಿಬಿಡುತ್ತಾರೆ. ಅವರಿಗೆ ಮೊದಲೇ ಹೇಳಿಡಿ.

ಸಾಲಿನೊಳಗೆ ಕೈಗೆ ಸಿಗುವ ವಸ್ತುವೊಂದು ಇದೆಯೇ ನೋಡಿ. "ಹೊರಗೆ ಹೋದಾಗಲೇ ಮನೆಯ ಬೆಲೆ ತಿಳಿಯುವುದು" ಎಂದು 18ರ ಹುಡುಗ ಹೇಳಿದರೆ, ಏನಾಯಿತು ಅಂತ ಮತ್ತೆ ಕೇಳಿ. "ಹಾಸ್ಟೆಲ್ ಸಾರು ತಿಂದ ಮೇಲೆ ಮನೆ ಸಾರಿಗೆ ಉಪ್ಪು ಕಡಿಮೆ ಅಂತ ಹೇಳಲ್ಲ" ಎಂದು ಬಂತೆಂದರೆ ಅದನ್ನು ತೆಗೆದುಕೊಳ್ಳಿ. ಇನ್ನೆರಡು ಮಾದರಿ. "31 ವರ್ಷ: ಕುಕ್ಕರ್ ಎಷ್ಟು ಸಲ ಕೂಗಿತು ಅಂದರೆ ತಡಮಾಡದೆ 'ಮೂರು' ಅನ್ನಬೇಕು." "74 ವರ್ಷ: ಮೊಮ್ಮಗ ಫೋನ್ ಸರಿಮಾಡಿದಾಗ ಹೇಗೆ ಮಾಡಿದೆ ಅಂತ ಕೇಳಬಾರದು, ಕೇಳಿದರೆ ಮುಂದಿನ ಸಲ ನೀವೇ ಮಾಡ್ಕೋಬೇಕು." ಹಣೆಯ ಮೇಲಿದ್ದ ಕನ್ನಡಕ ಹುಡುಕಿದ ಸಾಲು ಮಾತ್ರ ನಾಲ್ಕು ಜನರಿಂದ ಬರುತ್ತದೆ. ಎಲ್ಲರಿಗಿಂತ ಹಿರಿಯರದು ಇಟ್ಟುಕೊಂಡು, ಉಳಿದವರನ್ನು ಬೇರೊಂದು ಸಾಲು ಕೇಳಿ.

ಆಸ್ತಿ, ಸಾಲ, ಕಾಯಿಲೆ, ಮೈಬಣ್ಣ, ಮದುವೆಯಾಗದ್ದು, ಮಕ್ಕಳಾಗದ್ದು ಬೇಡ. ಇನ್ನೊಬ್ಬರ ಹೆಸರೆತ್ತಿ ನಗಿಸುವ ಸಾಲನ್ನು ಆ ಇನ್ನೊಬ್ಬರಿಗೆ ಓದಿ ಹೇಳಿ. ಅವರು ಒಂದು ಕ್ಷಣ ಸುಮ್ಮನಾದರೂ ಸಾಕು, ತೆಗೆದುಬಿಡಿ. "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಯಾರಾದರೂ ತರುತ್ತಾರೆ. ಪೂಜೆಗೆ ಕೂತವರು ತಾವಾಗಿ ಹೇಳಿಕೊಂಡರೆ ಮಾತ್ರ ಅದು ಚಂದ. ಸಾಲಿನ ಕೆಳಗೆ ಹೆಸರಿಗಿಂತ ಮನೆಯಲ್ಲಿ ಕರೆಯುವ ಹಾಗೆ "ಹಾಸನದ ಚಿಕ್ಕಮ್ಮ", "ಶಿರಸಿ ಮಾವ" ಎಂದೇ ಹಾಕಿ. ವಯಸ್ಸು ಹೇಳಲು ಇಷ್ಟವಿಲ್ಲದವರಿಗೆ "ಐವತ್ತು ಚಿಲ್ಲರೆ" ಸಾಕು.

ಜೋಡಿಸುವಾಗ ಚಿಕ್ಕ ವಯಸ್ಸಿನಿಂದ ದೊಡ್ಡದಕ್ಕೆ ಹೋಗಿ. ಆದರೆ ಒಂದಕ್ಕೊಂದು ಉತ್ತರ ಕೊಡುವ ಸಾಲುಗಳು ಸಿಕ್ಕಿದರೆ ಆ ಕ್ರಮ ಮುರಿಯಬಹುದು. ಎಡಪುಟದಲ್ಲಿ "6 ವರ್ಷ: ಮಧ್ಯಾಹ್ನ ಮಲಗು ಅನ್ನೋದು ಶಿಕ್ಷೆ", ಬಲಪುಟದಲ್ಲಿ "47 ವರ್ಷ: ಮಧ್ಯಾಹ್ನ ಮಲಗು ಅಂತ ಯಾರೂ ಹೇಳೋದೇ ಇಲ್ಲ." ಇಂಥ ಜೋಡಿ ಎದುರುಬದುರಾಗಬೇಕಾದರೆ ಮೊದಲನೆಯದು ಸಮಸಂಖ್ಯೆಯ ಪುಟದಲ್ಲಿರಬೇಕು, ಇಲ್ಲದಿದ್ದರೆ ಹಾಳೆ ಮಗುಚಬೇಕಾಗುತ್ತದೆ, ಜೋಡಿಯ ರುಚಿ ಹೋಗುತ್ತದೆ.

ಅಳತೆ ಎ5, ಒಳಗೆ 24 ಪುಟ, ನಡುವೆ ಪಿನ್. ಎ4 ಹಾಳೆಯನ್ನು ಮಡಿಸಿದರೆ 4 ಪುಟವಾಗುವುದರಿಂದ ಪುಟಗಳ ಸಂಖ್ಯೆ 4ರಿಂದ ಭಾಗವಾಗಲೇಬೇಕು. 22 ಪುಟ ಕೊಟ್ಟರೆ 2 ಖಾಲಿ ಬೀಳುತ್ತವೆ. ಮೊದಲ 2 ಪುಟ ಶೀರ್ಷಿಕೆಗೂ ದಂಪತಿಯ ಫೋಟೋಗೂ, ನಡುವಿನ 20 ಪುಟಕ್ಕೆ ಎರಡೆರಡರಂತೆ 40 ಸಾಲು. ಕೊನೆಯ 2 ಪುಟ ಖಾಲಿ ಬಿಡಿ, ಓದಿದವರಿಗೆ ತಮ್ಮದೂ ಬರೆಯಬೇಕೆನ್ನಿಸುತ್ತದೆ. ಒಳಗೆ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕದ ಅಳತೆ) ಕಾಗದ, ರಕ್ಷಾಪುಟಕ್ಕೆ 250 ಜಿಎಸ್‌ಎಂ. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದಾದರೆ ಅಜ್ಜ ಅಜ್ಜಿಯರಿಗೆ ಕಷ್ಟ.

ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಪ್ರೆಸ್ಸಿಗೆ ಪಿಡಿಎಫ್ ಕೊಡಿ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿಗೆ ಬದಲಾಯಿಸಿಕೊಳ್ಳುವ ಪ್ರೆಸ್ಸಾದರೆ ಒತ್ತಕ್ಷರ, ಅರ್ಕಾವತ್ತು, ಆಡುಮಾತಿನ "ಬ್ಯಾ", "ಹ್ವಾ"ಗಳು ಚದುರಿರಬಹುದು. ಒಂದು ಪ್ರತಿ ಅಚ್ಚು ಹಾಕಿಸಿ, ಸಾಲುಗಳನ್ನು ಮೊದಲು ನೋಡಿರದವರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದಲ್ಲೆಲ್ಲ ಗುರುತು ಹಾಕಿ, ತಿದ್ದಿದ ಮೇಲೆಯೇ ಉಳಿದ ಪ್ರತಿಗಳಿಗೆ ಹೇಳಿ. ಪ್ರತಿ ಮನೆಗೆ ಒಂದರಂತೆ ಎಣಿಸಿ, ಮೇಲೆ 10 ಹೆಚ್ಚಿಗೆ ಇರಲಿ.

ಸಮಾರಂಭದಲ್ಲಿ ಓದುವುದಾದರೆ 12 ಸಾಲಿಗೆ ನಿಲ್ಲಿಸಿ. ಎಲೆ ಹಾಕುವ ಮುಂಚೆ ಬೇಡ, ಹಸಿದವರ ಕಿವಿ ಅಡುಗೆಮನೆ ಕಡೆಗಿರುತ್ತದೆ. ಊಟವಾಗಿ ಎಲೆಅಡಿಕೆ ಹಾಕಿಕೊಂಡು ಕೂತಾಗ, ಅಜ್ಜಿಯ ಸಾಲನ್ನು ಮೊಮ್ಮಗಳ ಕೈಲಿ, ಮೊಮ್ಮಗಳದನ್ನು ಅಜ್ಜಿಯ ಕೈಲಿ ಓದಿಸಿ. ವಯಸ್ಸನ್ನು ಮೊದಲು ಹೇಳಿ, ಒಂದು ಉಸಿರಿನಷ್ಟು ನಿಂತು, ಆಮೇಲೆ ಸಾಲು. ನಗು ಪೂರ್ತಿ ಅಡಗಿದ ಮೇಲೆ ಮುಂದಿನದು.

ರೆಕಾರ್ಡಿಂಗುಗಳನ್ನು ಅಳಿಸಬೇಡಿ. ಕಡತದ ಹೆಸರಿನಲ್ಲಿ ಸಂಬಂಧ, ವಯಸ್ಸು, ತಾರೀಕು ಸೇರಿಸಿ ಎರಡು ಬೇರೆ ಕಡೆ ಉಳಿಸಿಡಿ. ಅದೇ ಮನೆಯಲ್ಲಿ 70ರ ಭೀಮರಥ ಶಾಂತಿ ಬಂದಾಗ ಇದೇ ಜನರನ್ನು ಅವೇ ಪ್ರಶ್ನೆ ಕೇಳಿ, ಹಳೆಯ ಉತ್ತರದ ಪಕ್ಕದಲ್ಲಿ ಹೊಸದನ್ನು ಅಚ್ಚು ಹಾಕಿಸಬಹುದು.